ಎಡಗಡೆಗೆ ಬಂದ ರೀಲಿನ ಹಿಡಿ

ಒಂದ್ನಿಮಿಷ ಇರಿ, ಈಗಲೇ ಸ್ಕ್ರೋಲ್ ಮಾಡ್ಬೇಡಿ. ಈ ಕಂಡಕ್ಟರಮ್ಮನ ಕಥೆ ಪೂರ್ತಿ ಕೇಳಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ.

ಅವತ್ತು ಸಂಜೆ ರಿಪೇರಿ ಅಂಗಡಿ ತುಂಬ ಜನ. ಮಿಕ್ಸಿ ಹಿಡ್ಕೊಂಡವರು, ಟೇಬಲ್ ಫ್ಯಾನ್ ಹೊತ್ತವರು. ಅವರನ್ನೆಲ್ಲ ಸರಿಸ್ಕೊಂಡು, ಡ್ಯೂಟಿ ಯೂನಿಫಾರ್ಮ್‌ನಲ್ಲೇ ಒಳಗೆ ನುಗ್ಗಿದಳು ಅವಳು. ಮೀನಿನ ಗಾಳದ ದಾರ ಸುತ್ತೋ ಹಳೇ ರೀಲನ್ನ ಟೇಬಲ್ ಮೇಲೆ ಇಟ್ಟಳು. ಇಟ್ಟಳು ಅಂದ್ರೆ... ಕುಕ್ಕಿದಳು.

"ಇದರ ತಿರುಗಿಸೋ ಹಿಡಿ ಎಡಗಡೆಗೆ ಹಾಕಿ ಅಂತ ಯಾರು ಹೇಳಿದ್ದು ನಿಮಗೆ?"

ರಿಪೇರಿಯವನು ತಲೆ ಎತ್ತಿದ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಆಗ ಮೊದಲು. ರೀಲ್ ತಂದುಕೊಟ್ಟಿದ್ದು, ಸರಿಯಾದ ಮೇಲೆ ತಗೊಂಡು ಹೋಗಿದ್ದು, ಎರಡೂ ಅವಳ ಅತ್ತಿಗೆ.

ಅವನು ರೀಲ್ ನೋಡಿದ. ಕಿವಿ ತನಕ ಕೆಂಪಾದ. ಏನೋ ಹೇಳೋಕೆ ಬಾಯಿ ತೆಗೆದ... ಅಷ್ಟರಲ್ಲಿ ಅವಳು ಬಲಗೈ ಅವನ ಮುಖದ ಮುಂದೆ ಹಿಡಿದಳು. ಹೆಬ್ಬೆರಳು ಮಡಚೋಕಾಗದೆ ಕಡ್ಡಿ ಥರ ನಿಂತಿತ್ತು.

"ಅತ್ತಿಗೆ ಇದನ್ನ ಹೇಳಿದ್ರು ಅಲ್ವಾ? ಪಾಪ ಅನ್ನಿಸ್ತಾ? ನನಗೆ ಯಾರ ಕನಿಕರಾನೂ ಬೇಡ. ಮೊದಲು ಹೇಗಿತ್ತೋ ಹಾಗೇ ಮಾಡ್ಕೊಡಿ."

ತೆಗೆದ ಬಾಯಿ ಹಾಗೇ ಮುಚ್ಚಿದ ಅವನು. ಹಿಡಿ ಬಿಚ್ಚಿ, ಬಲಗಡೆ ಹಾಕಿ, ರೀಲನ್ನ ಮೆಲ್ಲಗೆ ಅವಳ ಕಡೆ ತಳ್ಳಿದ. ಮಿಕ್ಸಿ ಹಿಡ್ಕೊಂಡ ಒಬ್ಬ ಹೆಂಗಸು, ಇವಳು ಬಸ್ಸಲ್ಲಿ ಯಾರ ಜೊತೆ ಜಗಳ ಆಡ್ಕೊಂಡು ಬಂದಿದಾಳೋ ಏನೋ ಅಂತ ಗೊಣಗಿದಳು.

ಅವಳಿಗೆ ಅಷ್ಟು ಸಿಟ್ಟು ಯಾಕೆ ಗೊತ್ತಾ?

ಹೋದ ವರ್ಷ ಬಸ್ಸಿನ ಬಾಗಿಲಿಗೆ ಕೈ ಸಿಕ್ಕಿ ಆ ಬೆರಳಿನ ಬಲ ಹೋಯ್ತು. ಅವತ್ತಿಂದ ಮನೇಲಿ ಎಲ್ಲರ ಬಾಯಲ್ಲೂ ಒಂದೇ ಮಾತು... ಪಾಪ. ಅವಳ ಗಾಳದ ಕೋಲನ್ನ ಅಣ್ಣ ಅಟ್ಟಕ್ಕೆ ಹಾಕಿಬಿಟ್ಟ. ಹುಡುಗಿಯಾಗಿದ್ದಾಗಿಂದ ಅವಳ ಕೈಯಲ್ಲೇ ಸವೆದ ಕೋಲು ಅದು. ಹಿಡಿಯೋ ಜಾಗ ಕಪ್ಪಾಗಿತ್ತು. ಮಧ್ಯೆ ಒಮ್ಮೆ ಬಿರುಕು ಬಿಟ್ಟಾಗ ಅವಳೇ ಬಿಗಿಯಾಗಿ ದಾರ ಸುತ್ತಿ, ಮೇಲೆ ಕೆಂಪು ನೈಲ್ ಪಾಲಿಶ್ ಬಳಿದಿದ್ದಳು. ಇದನ್ನ ಗುಜರಿಗೆ ಹಾಕು, ಬೇಕಾದ್ರೆ ಮೀನು ನಾನು ತಂದ್ಕೊಡ್ತೀನಿ ಅಂದಿದ್ದ ಅಣ್ಣ.

ಈ ಭಾನುವಾರ ನಾನೇ ಹಿಡ್ಕೊಂಡು ಬರ್ತೀನಿ ಅಂತ ಮನೆ ಮಂದಿ ಎದುರಿಗೆ ಹೇಳಿಬಿಟ್ಟಿದ್ದಳು ಅವಳು. ಆಗದಿದ್ರೆ? ಕೋಲು ಗುಜರಿಗೆ... ಅವಳು ಜೀವನಪೂರ್ತಿ 'ಪಾಪ'!

ಭಾನುವಾರ ಬೆಳಿಗ್ಗೆ ಸಮುದ್ರದ ಬಂಡೆ ಮೇಲೆ ನಿಂತು ಗಾಳ ಬೀಸಿದಳು. ದಾರ ಸುಯ್ ಅಂತ ಹಾರಿ ಅಲೆಗಳಾಚೆ ಬಿತ್ತು. ಅವಳ ಎದೆ ಉಬ್ಬಿತು. ಎಸೆಯೋದು ಮರೆತಿಲ್ಲ ಕಣೇ ನಾನು ಅಂತ ತನಗೆ ತಾನೇ ಹೇಳ್ಕೊಂಡಳು.

ಮೀನು ಕಚ್ಚಿತು. ಬಲಗೈಯಿಂದ ಹಿಡಿ ತಿರುಗಿಸಿದಳು... ಹೆಬ್ಬೆರಳು ಒತ್ತಲಿಲ್ಲ, ಹಿಡಿ ಜಾರಿತು, ದಾರ ಸಡಿಲಾಯ್ತು. ಮೀನು ಹೋಯ್ತು.

ಮತ್ತೆ ಎಸೆದಳು. ಮತ್ತೆ ಕಚ್ಚಿತು. ಮತ್ತೆ ಹೋಯ್ತು.

ಕಣ್ಣೀರು ಒರೆಸ್ಕೊಂಡು ಆಕಡೆ ತಿರುಗಿದ್ರೆ, ದೂರದ ಬಂಡೆ ಮೇಲೆ ರಿಪೇರಿಯವನು. ಅವನೂ ಮೀನು ಹಿಡಿಯೋಕೆ ಬಂದಿದ್ದ. ಕೋಲು ಬಲಗೈಯಲ್ಲಿ, ರೀಲು ತಿರುಗಿಸ್ತಿದ್ದಿದ್ದು... ಎಡಗೈಯಲ್ಲಿ!

ನೆಟ್ಟಗೆ ಅವನ ಹತ್ರ ಹೋದಳು. ಮೇಷ್ಟ್ರು ಬಂದಹಾಗೆ ಎದ್ದು ನಿಂತ ಅವನು.

"ನೀವು ಎಡಚರಾ?"

"ಹ್ಞೂಂ..."

ಆಮೇಲೆ ಎಲ್ಲಾ ಹೊರಗೆ ಬಂತು. ಯಾರದೇ ರೀಲು ಕ್ಲೀನ್ ಮಾಡಿದ್ರೂ ಹಿಡಿಯನ್ನ ತನ್ನ ಕೈಗೆ ಸರಿಯಾಗಿ ಎಡಗಡೆ ಹಾಕ್ಕೊಂಡು ತಿರುಗಿಸಿ ನೋಡೋದು ಅವನ ಅಭ್ಯಾಸ. ಅವಳದನ್ನ ವಾಪಸ್ ಬದಲಾಯಿಸೋದು ಮರೆತಿದ್ದ. ಅಷ್ಟೇ. ಅವಳ ಬೆರಳಿನ ವಿಷಯ ಅತ್ತಿಗೆ ಹೇಳೇ ಇರಲಿಲ್ಲ.

"ಅಂಗಡೀಲೇ ಹೇಳ್ಬಹುದಿತ್ತಲ್ಲ?"

"ಬಾಯಿ ತೆಗೆದೆ. ಅಷ್ಟರಲ್ಲಿ ನೀವು ಕೈ ತೋರಿಸಿದ್ರಿ. ಆಮೇಲೆ ಮರ್ತೆ ಅಂದ್ರೆ ಯಾರು ನಂಬ್ತಾರೆ?" ಅವನು ನೆಲ ನೋಡ್ತಾ ಮೆಲ್ಲಗೆ ಸೇರಿಸಿದ. "ನಿಜ ಹೇಳ್ಬೇಕಂದ್ರೆ... ಆ ರೀಲು ತಿರುಗಿಸ್ತಾ ಇದ್ರೆ ಬಿಡೋಕೆ ಮನಸ್ಸು ಬರಲಿಲ್ಲ. ಇಷ್ಟು ಹಳೇದನ್ನ ಇಷ್ಟು ಜೋಪಾನವಾಗಿ ಇಟ್ಕೊಂಡವರು ಯಾರಿರಬಹುದು ಅಂತ ಯೋಚಿಸ್ತಿದ್ದೆ. ಆ ಯೋಚನೇಲೇ ಮರೆತಿದ್ದು."

ಅವಳಿಗೆ ನಗು ಬಂತು. ಇಷ್ಟು ದಿನ ಹೊತ್ತ ಮೂಟೆ ಯಾರೋ ಇಳಿಸಿದ ಹಾಗಾಯ್ತು. ಕನಿಕರ ಅಲ್ಲ... ಬರೀ ಮರೆವು. ಹಾಗಾದ್ರೆ ಎಡಗಡೆ ಹಿಡಿ ಅಂದ್ರೆ ಬರೀ ಎಡಗಡೆ ಹಿಡಿ. ಅದರಲ್ಲಿ ಸೋಲು ಎಲ್ಲಿಂದ ಬಂತು?

ತನ್ನ ಬಂಡೆಗೆ ವಾಪಸ್ ಬಂದು ತಾನೇ ಹಿಡಿ ಬಿಚ್ಚಿ ಎಡಗಡೆಗೆ ಹಾಕಿದಳು. ಕೋಲಿನ ಬುಡ ಬಲ ಮೊಣಕೈಗೆ ಒತ್ತಿ ಹಿಡ್ಕೊಂಡಳು. ಎಡಗೈ ಮೊದಮೊದಲು ಅಕ್ಷರ ಕಲಿಯೋ ಮಗು ಥರ ಸೊಟ್ಟಸೊಟ್ಟ ತಿರುಗಿತು. ಆಮೇಲೆ ದಾರಿಗೆ ಬಂತು.

ಆಗ ಬಿತ್ತು ನೋಡಿ ಒಂದು ಎಳೆತ!

ಕೋಲು ಬಿಲ್ಲಿನ ಥರ ಬಾಗಿತು. ನೈಲ್ ಪಾಲಿಶ್ ಬಳಿದ ಜಾಗ ಕಿರ್ ಅಂತು, ಆದ್ರೆ ಮುರಿಯಲಿಲ್ಲ. ರಿಪೇರಿಯವನು ಮೀನು ಎತ್ತೋ ಕೈಬಲೆ ಹಿಡ್ಕೊಂಡು ಓಡಿ ಬಂದ. ಹತ್ತಿರ ಬಂದವನು ತಾನಾಗೇ ನಿಂತ.

"ಬರ್ಲಾ?"

"ಬೇಡ."

ಅವನು ಬಲೆ ಕೆಳಗಿಟ್ಟು ಕೈ ಕಟ್ಟಿ ನಿಂತ. ಮೀನು ಬಂಡೆಯ ಹತ್ತಿರ ಬಂತು, ಮತ್ತೆ ಒಳಗೆ ನುಗ್ಗಿತು. ಅವನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು... ಹಿಂದಕ್ಕೆ ಎಳ್ಕೊಂಡ. ಓರೆಗಣ್ಣಲ್ಲಿ ಅದನ್ನ ಅವಳು ನೋಡಿದಳು. ಓಡಿ ಬಂದು ಸಹಾಯ ಮಾಡೋವ್ರನ್ನ ಬೇಕಾದಷ್ಟು ಕಂಡಿದ್ದಳು. ಸಹಾಯ ಮಾಡದೇ ಇರೋಕೆ ಇಷ್ಟು ಕಷ್ಟಪಡೋವನನ್ನ ಇದೇ ಮೊದಲು ಕಂಡಿದ್ದು.

ದೊಡ್ಡ ಅಲೆ ಬಂತು. ಅದರ ಜೊತೆಗೇ ಎಳೆದಳು. ಮೊಣಕೈಯುದ್ದದ ಬೆಳ್ಳಿ ಬಣ್ಣದ ಮೀನು ಅವಳ ಕಾಲ ಹತ್ರ ಬಂದು ಪಟಪಟ ಬಡ್ಕೊಂಡಿತು.

ಅವಳು ನೆಟ್ಟಗೆ ನಿಂತಳು. ಅಷ್ಟು ನೆಟ್ಟಗೆ ನಿಂತು ಒಂದು ವರ್ಷ ಆಗಿತ್ತು.

"ತಪ್ಪಿಸ್ಕೊಂಡಿದ್ರೆ?" ಉಸಿರು ಬಿಡ್ತಾ ಕೇಳಿದಳು.

"ಮುಂದಿನ ಭಾನುವಾರ ಬಂದು ಮತ್ತೆ ಕೈ ಕಟ್ಕೊಂಡು ನಿಲ್ತಿದ್ದೆ."

"ಹೀಗೆ ಎಷ್ಟು ಭಾನುವಾರ?"

"ನೀವು ಬೇಡ ಅನ್ನೋವರೆಗೂ."

"ಬೇಡ ಅನ್ನೋದು ನನ್ನ ಬಾಯಿಗೆ ತುಂಬ ಬೇಗ ಬರುತ್ತೆ. ಗೊತ್ತಲ್ವಾ?"

"ಗೊತ್ತು. ಅಂಗಡೀಲಿದ್ದ ಮಿಕ್ಸಿ ಅಮ್ಮನಿಗೂ ಗೊತ್ತು."

ಅವಳು ನಕ್ಕಳು. ಬಂಡೆ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ. ನಿಮಗೆ ಬೇಡ ಅನ್ನಲ್ಲ."

ಅವನು ಕೂತ. ಇಬ್ಬರೂ ಸಮುದ್ರ ನೋಡಿದ್ರು, ಮೀನು ನೋಡಿದ್ರು... ಆಮೇಲೆ ಒಬ್ಬರನ್ನೊಬ್ಬರು.

ಈಗ ಹೇಳಿ. ನೀವು ಪ್ರೀತಿಸೋರು ಕಣ್ಣೆದುರಿಗೇ ಒದ್ದಾಡ್ತಾ ಇದ್ದು, ಬಲೆ ನಿಮ್ಮ ಕೈಯಲ್ಲೇ ಇದ್ದಿದ್ರೆ... ನೀವಾಗಿದ್ರೆ ಏನು ಮಾಡ್ತಿದ್ರಿ?