ಹೆಸರು ಹಿಡಿದು ಕರೆಯಬಾರದ ಕೋಣೆ

“ಆ ಕೋಣೆಯೊಳಗೆ ನಾಯಿನ ಹೆಸರು ಹಿಡಿದು ಕರೀಬೇಡಿ ಸಾರ್. ಅದರ ಮನುಷ್ಯರನ್ನ ಹೊರಗೆ ಕಳಿಸ್ಲೂಬೇಡಿ.”

ಪಶು ಆಸ್ಪತ್ರೆಯ ಮುದಿ ಕಾಂಪೌಂಡರ್ ಈ ಮಾತನ್ನು ಹೇಳಿದ್ದು ಅದು ಮೂರನೆಯ ಸಲ. ಹೊಸದಾಗಿ ಬಂದಿದ್ದ ವೈದ್ಯ ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಕ್ಕ.

“ಕರೆದ್ರೆ ಏನಾಗುತ್ತೆ?”

“ಸತ್ತದ್ದು ಎದ್ದು ಬರುತ್ತೆ. ಕರೆದವರನ್ನ ಜೊತೇಲಿ ಕರ್ಕೊಂಡೇ ಹೋಗುತ್ತೆ.”

“ಎಲ್ಲಿಗೆ, ವಾಕಿಂಗಿಗಾ?”

ಕಾಂಪೌಂಡರ್ ಹಿಂದಿನ ಬಾಗಿಲ ಕಡೆಗೆ ಕೈ ತೋರಿಸಿದ.

ಅದು ಆಸ್ಪತ್ರೆಯ ಹಿಂದಿನ ಕೋಣೆ. ಗುಣವಾಗದ ಜೀವಗಳಿಗೆ ಕೊನೆಯ ಸೂಜಿ ಚುಚ್ಚುವ ಜಾಗ. ಕಿಟಕಿಯಿಲ್ಲ. ಫಿನಾಯಿಲು, ಸ್ಪಿರಿಟ್ಟು, ಒದ್ದೆ ಕೂದಲು ಎಲ್ಲವೂ ಸೇರಿ ಹಳಸಿದ ವಾಸನೆ ಗೋಡೆಗೇ ಅಂಟಿತ್ತು. ಬಾಗಿಲ ಚೌಕಟ್ಟಿನಲ್ಲಿ ಒಂದು ತುಕ್ಕು ಹಿಡಿದ ಮೊಳೆ. ಅದರ ಕೊರಳಿಗೆ ಕೂದಲು ಸುತ್ತಿತ್ತು. ಒಂದಿಷ್ಟು ನಾಯಿಯದು, ಒಂದಿಷ್ಟು ಹೆಂಗಸಿನದು.

ಹಿಂದೆ ಒಬ್ಬ ವೈದ್ಯರು ಬಟ್ಟೆ ಹೊಲಿಯುವ ಹೆಂಗಸೊಬ್ಬಳನ್ನು ಹೊರಗೆ ನೂಕಿ, ಅಗಳಿ ಹಾಕಿಕೊಂಡು ಅವಳ ನಾಯಿಗೆ ಸೂಜಿ ಚುಚ್ಚಿದ್ದರಂತೆ. ಅವಳು ಬಾಗಿಲು ಬಡಿಯುತ್ತ ಅದರ ಹೆಸರು ಕೂಗುತ್ತಲೇ ಇದ್ದಳಂತೆ. ನಾಯಿ ಬಾಗಿಲ ಕಡೆಗೆ ಕತ್ತು ತಿರುಗಿಸಿಕೊಂಡೇ ಸತ್ತಿತ್ತು. ಒಂಬತ್ತು ದಿನ ಬಿಟ್ಟು ಅವಳು ಬಂದು ಈ ಮೊಳೆ ಹೊಡೆದಳು. “ನನ್ನ ಕೂಗು ಅದಕ್ಕೆ ಮುಟ್ಟಲಿಲ್ಲ. ಇನ್ನು ಇಲ್ಲಿ ಯಾರು ಕೂಗಿದ್ರೂ ಮುಟ್ಟಲಿ” ಎಂದಳು. ತಿಂಗಳೊಳಗೆ ಆ ವೈದ್ಯರು ಸತ್ತ ಯಾವುದೋ ನಾಯಿಯ ಹೆಸರು ಕೂಗಿ ಇದೇ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಬಲಗೈ ಯಾರದೋ ತಲೆ ಸವರುವಂತೆ ಚಾಚಿಕೊಂಡಿತ್ತು.

ಕತೆಯನ್ನು ಪೂರ್ತಿ ಕೇಳಿದ ಹೊಸ ವೈದ್ಯ ತನ್ನ ಬಿಳಿ ಕೋಟನ್ನು ಆ ಮೊಳೆಗೇ ನೇತುಹಾಕಿದ. “ಒಳ್ಳೆ ಗೂಟ ಸಿಕ್ತು ಬಿಡಿ.”

ಅವನಿಗೂ ಒಂದು ನಾಯಿಯಿತ್ತು. ಕಂದು ಬಣ್ಣದ ಹೆಣ್ಣು. ಓದುವ ಕಾಲದಲ್ಲಿ ಚರಂಡಿಯಿಂದ ಎತ್ತಿ ತಂದು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು ಬೆಳೆಸಿದ್ದ. ತಂದೆ ತಾಯಿ ಇಲ್ಲದ ಅವನಿಗೆ ಮನೆ ಎಂದರೆ ಅವಳೇ. ಆಸ್ಪತ್ರೆಯ ಜಗುಲಿಯಲ್ಲಿ ಹಗ್ಗಕ್ಕೆ ಕಟ್ಟಿಸಿಕೊಂಡು ದಿನವಿಡೀ ಮಲಗಿರುತ್ತಿದ್ದಳು. ಅವನು ಹೆಸರು ಕರೆದರೆ ಏಳುವ ಮೊದಲು ಬಾಲವನ್ನು ಮೂರು ಸಲ ನೆಲಕ್ಕೆ ಬಡಿಯುತ್ತಿದ್ದಳು.

ಆ ಮಧ್ಯಾಹ್ನ ನಿವೃತ್ತ ಅಂಚೆಯವನೊಬ್ಬ ಕಂಬಳಿಯಲ್ಲಿ ಸುತ್ತಿದ ಮುದಿ ನಾಯಿಯನ್ನು ಎದೆಗವಚಿಕೊಂಡು ಬಂದ.

“ಗುಂಡ ಅಂತ ಇವನ ಹೆಸರು. ಮೂವತ್ತು ವರ್ಷ ನಾಯಿ ಅಟ್ಟಿಸ್ಕೊಂಡು ಬಂದಾಗೆಲ್ಲಾ ಓಡ್ದೋನು ನಾನು. ರಿಟೈರ್ ಆದ ವಾರಕ್ಕೆ ಇವನು ಬಂದು ಬಾಗಿಲಲ್ಲಿ ಕೂತ. ತಪ್ಪಿಹೋದ ಕಡಿತ ಕಡಿಯೋಕೆ ಬಂದನೇನೋ ಅಂದ್ಕೊಂಡೆ.” ಅವನು ಕಂಬಳಿಯ ಅಂಚನ್ನು ನಾಯಿಯ ಕಿವಿಯವರೆಗೆ ಎಳೆದ. “ನಾನು ಒಳಗಿರ್ಲಾ ಡಾಕ್ಟ್ರೇ? ನಾನಿಲ್ದಿದ್ರೆ ಗಾಬರಿ ಬೀಳ್ತಾನೆ.”

“ಬೇಡ ಯಜಮಾನ್ರೇ. ನೀವು ಅಳ್ತಾ ನಿಂತ್ರೆ ನನ್ನ ಕೈ ನಡುಗುತ್ತೆ. ಹೊರಗೆ ಕೂತಿರಿ.”

ಕಾಂಪೌಂಡರ್ ಬಾಗಿಲ ಮೊಳೆಯನ್ನೊಮ್ಮೆ ನೋಡಿ, ಅಂಚೆಯವನನ್ನು ಹೊರಗೆ ಕೂರಿಸಿ ಬಂದ.

ಸೂಜಿ ಇಳಿಯಿತು. ಗುಂಡ ಬಾಗಿಲನ್ನೇ ನೋಡುತ್ತಿದ್ದ. ನೋಡುತ್ತಲೇ ಅವನ ಉಸಿರು ನಿಂತುಹೋಯಿತು. ವೈದ್ಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎರಡು ನಿಮಿಷ ಕೇಳಿದ. ಏನೂ ಇರಲಿಲ್ಲ.

“ಕಾಂಪೌಂಡರೇ, ನಿಮ್ಮ ಭಯ ಇವತ್ತಿಗೆ ಮುಗೀಲಿ.” ಅವನು ಚಪ್ಪಾಳೆ ತಟ್ಟಿದ. “ಗುಂಡಾ! ಬಾರೋ ಗುಂಡಾ!”

“ಅಯ್ಯೋ, ಎಂಥ ಕೆಲಸ ಮಾಡಿದ್ರಿ!” ಕಾಂಪೌಂಡರ್ ಬಾಗಿಲು ತೆರೆದು ಹೊರಗೋಡಿದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬಲ್ಬು ಮಂಕಾಯಿತು.

ಮೇಜಿನ ಮೇಲಿನ ಕಿವಿ ಅಲುಗಿತು.

ಗುಂಡ ಎದ್ದ. ಕಣ್ಣಲ್ಲಿ ಬೆಳಕಿರಲಿಲ್ಲ. ಕೆಳಗೆ ಧುಮುಕಿದ. ಸಿಮೆಂಟಿನ ಮೇಲೆ ಉಗುರಿನ ಸದ್ದು. ಟಕ್. ಟಕ್. ವೈದ್ಯ ಹಿಂದೆ ಸರಿದ. ಬೆನ್ನಿಗೆ ಬಾಗಿಲು ತಾಗಿತು. ಅಗಳಿ ಅಲ್ಲಾಡಲಿಲ್ಲ.

ನಾಯಿ ಕಚ್ಚಲಿಲ್ಲ, ಗುರುಗುಟ್ಟಲಿಲ್ಲ. ಬಾಲ ಆಡಿಸಿತು. ಹತ್ತಿರ ಬಂದು ಪ್ರೀತಿಯಿಂದ ಅವನ ಬಲಗೈ ನೆಕ್ಕಿತು. ನೆಕ್ಕಿದ ಕೈ ಸತ್ತಿತು. ಬೆರಳು ಮಡಿಚಲಾಗಲಿಲ್ಲ. ಅದು ಮುಂಗಾಲೆತ್ತಿ ಅವನ ಎದೆಗೆ ಇಟ್ಟಿತು. ತಣ್ಣಗಿನ ಭಾರ. ಉಸಿರು ಒಳಗೆ ಬರಲಿಲ್ಲ. ಅವನು ಕುಸಿದ. ಅವನ ಬಲಗೈ, ಅವನು ಬೇಡವೆಂದರೂ, ಆ ತಲೆಯನ್ನು ಸವರಲು ಎದ್ದಿತು.

ಆಗ ಹೊರಗಿನಿಂದ ಬಾಗಿಲಿಗೆ ಏನೋ ಅಪ್ಪಳಿಸಿತು. ಮತ್ತೊಮ್ಮೆ. ಬಾಗಿಲು ಒಡೆಯಿತು.

ಜಗುಲಿಯಿಂದ ಹಗ್ಗ ಕಿತ್ತುಕೊಂಡು ಬಂದ ಅವನ ನಾಯಿ ನಡುವೆ ಬಿದ್ದಳು. ಗುಂಡನ ಕೊರಳಿಗೆ ಬಾಯಿ ಹಾಕಿದಳು. ಬಿಡಲಿಲ್ಲ. ಸತ್ತ ಮೈಯ ಚಳಿ ಅವಳ ಬಾಯಿಗೆ ಏರಿತು. ಮೈ ನಡುಗಿತು. ಆದರೂ ಬಿಡಲಿಲ್ಲ.

ಅವಳ ಹಿಂದೆಯೇ ಕಾಂಪೌಂಡರ್ ಅಂಚೆಯವನನ್ನು ಎಳೆದು ತಂದ. ಅಂಚೆಯವನು ಕೂಗಲಿಲ್ಲ, ಹೆಸರೆತ್ತಲಿಲ್ಲ. ನೆಲದಲ್ಲಿ ಕೂತು ತೊಡೆಯನ್ನು ಮೆಲ್ಲಗೆ ತಟ್ಟಿದ. “ಬಂದೆ ಕಣೋ ಮಗನೇ. ಇಲ್ಲೇ ಹೊರಗಿದ್ದೆ. ಮಲ್ಕೋ.”

ಗುಂಡ ತಿರುಗಿ ನೋಡಿದ. ಕಾಯುತ್ತಿದ್ದ ಮುಖ ಸಿಕ್ಕಿತ್ತು. ವೈದ್ಯನ ನಾಯಿ ಹಿಡಿತ ಸಡಿಲಿ ಕೆಳಗೆ ಬಿದ್ದಳು. ಗುಂಡ ನಡೆದು ಹೋಗಿ ಆ ತೊಡೆಯ ಮೇಲೆ ತಲೆಯಿಟ್ಟ. ಮತ್ತೆ ಏಳಲಿಲ್ಲ.

ವೈದ್ಯನಿಗೆ ಉಸಿರು ಬಂತು. ಅವನ ನಾಯಿ ಮಾತ್ರ ಬಿದ್ದಲ್ಲೇ ಇದ್ದಳು. ಬಾಯಿಯಿಂದ ಹಬ್ಬಿದ ಚಳಿ ಎದೆಗಿಳಿಯುತ್ತಿತ್ತು. ಅವನು ಬಾಚಿ ತಬ್ಬಿಕೊಂಡು ಬಾಯಿ ತೆರೆದ.

ಕಾಂಪೌಂಡರ್ ಅವನ ಬಾಯಿ ಮುಚ್ಚಿ ಹಿಡಿದ. “ಬೇಡ ಸಾರ್, ನಿಮಗೆ ಕೈ ಮುಗೀತೀನಿ. ಹೊರಟ ಪ್ರಾಣ ಹೆಸರು ಕೇಳಿದ್ರೆ ತಿರುಗುತ್ತೆ. ತಿರುಗಿ ಬರೋದು ನಿಮ್ಮ ನಾಯಿ ಆಗಿರಲ್ಲ.”

ಕಾಂಪೌಂಡರ್ ಕೈ ತೆಗೆದ. ಅವಳು ವೈದ್ಯನ ತುಟಿಯನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತಿಗೆ. ಕಿವಿ ನಿಮಿರಿಸಿಕೊಂಡು ಕಾದಳು. ಅವನು ತುಟಿ ಕಚ್ಚಿಕೊಂಡ, ರಕ್ತ ಬರುವವರೆಗೆ. ಕಾಯುತ್ತಲೇ ಅವಳ ಕಣ್ಣು ನಿಂತಿತು.

ಈಗ ಆ ಕೋಣೆಯಲ್ಲಿ ನಾಯಿಯ ಮನುಷ್ಯರು ಕೂರಲು ಒಂದು ಬೆಂಚಿದೆ. ವೈದ್ಯನ ಬಲಗೈಗೆ ಇಂದಿಗೂ ಬಿಸಿ ತಂಪು ತಿಳಿಯುವುದಿಲ್ಲ. ಮೊಳೆಗೆ ಅವಳ ಹರಿದ ಹಗ್ಗ ತೂಗುತ್ತಿದೆ.

ದಿನಾ ಸಂಜೆ ಅವನು ಕೋಣೆಗೆ ಬೀಗ ಹಾಕುವಾಗ ಒಳಗೆ, ಬಾಗಿಲಿನ ಬುಡದಲ್ಲಿ, ಬಾಲ ನೆಲಕ್ಕೆ ಬಡಿಯುವ ಸದ್ದು ಕೇಳುತ್ತದೆ.

ಒಂದು. ಎರಡು. ಮೂರು.

ಆಮೇಲೆ ಸದ್ದಿರುವುದಿಲ್ಲ. ಒಳಗಿರುವುದು ಅವನು ಕರೆಯಲೆಂದು ಕಾಯುತ್ತಿರುತ್ತದೆ. ನಾಲಿಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡು ಅವನು ಬೀಗದ ಕೈ ತಿರುಗಿಸುತ್ತಾನೆ. ಇಂದಿಗೆ ಗೆದ್ದೆನೆಂದು ದೇವರಿಗೆ ಕೈ ಮುಗಿಯುತ್ತಾನೆ. ನಾಳೆಯ ಸಂಜೆಯನ್ನು ನೆನೆದು ಬೀಗವನ್ನು ಇನ್ನೊಮ್ಮೆ ಎಳೆದು ನೋಡುತ್ತಾನೆ.