ಛತ್ರಿ ಮಂಡಕ್ಕಿ, ಕುಕ್ಕರ್ ಮಿರ್ಚಿ

ಫಾದರ್ ಲಿಗೋರಿ ಕೈಯಲ್ಲಿ ಮಂಡಕ್ಕಿ ಪ್ಲೇಟು ಹಿಡಿದುಕೊಂಡು ರೋಡಿನ ನಟ್ಟನಡುವೆ ನಿಂತುಬಿಟ್ಟಿದ್ದರು. ಈ ಕಡೆಯಿಂದ ಆಟೋ, ಆ ಕಡೆಯಿಂದ ಮೆಕ್ಕೆಜೋಳದ ಟ್ರ್ಯಾಕ್ಟರು. ಎರಡೂ ಹಾರ್ನ್ ಹೊಡೆಯುತ್ತಿದ್ದವು.

“ಫಾದರ್, ಆ ಕಡಿ ಹೋಗಬ್ಯಾಡ್ರಿ,” ಎಂದು ಎಡಗಡೆಯ ಮಂಡಕ್ಕಿ ಗಾಡಿಯಿಂದ ಅಮೃತಾಳ ಅಪ್ಪ ಜೋಜಪ್ಪ ಕೂಗಿದ.

“ಬರ್ರಿ ಫಾದರ್, ಬಿಸಿ ಅದಾವು,” ಎಂದು ಬಲಗಡೆಯ ಮಿರ್ಚಿ ಗಾಡಿಯಿಂದ ಅವಳ ದೊಡ್ಡಪ್ಪ ರಾಯಪ್ಪ ಕರೆದ.

“ನನಗೆ ಎರಡೇ ಎರಡು ಮಿರ್ಚಿ ಬೇಕಿತ್ತು ಮಾರಾಯ್ರೆ,” ಎಂದರು ಫಾದರ್. ಅವರು ಮಂಗಳೂರು ಕಡೆಯವರು. ಕೊಟ್ಟೂರಿನ ಚರ್ಚಿಗೆ ಬಂದು ಒಂದು ವರ್ಷವಾಗಿತ್ತು. ಮಂಡಕ್ಕಿ ಮಿರ್ಚಿಯ ರುಚಿ ಹತ್ತಿ ಒಂದು ವರ್ಷಕ್ಕೆ ಒಂದು ದಿನ ಕಮ್ಮಿ.

ಆ ದಿನ ಅವರು ಮಿರ್ಚಿ ತಿನ್ನಲಿಲ್ಲ. ಟ್ರ್ಯಾಕ್ಟರಿನವನು ಬೈದ ಮೇಲೆ ವಾಪಸು ಬಂದು, ಗಾಡಿಯ ಪಕ್ಕ ನಿಂತು, ಸಪ್ಪೆ ಮುಖ ಮಾಡಿಕೊಂಡು ಬರೀ ಮಂಡಕ್ಕಿ ತಿಂದರು.

ಮೂರು ವಾರದ ಹಿಂದೆ ಈ ಕಷ್ಟ ಇರಲಿಲ್ಲ. ಆಗ ಇದ್ದದ್ದು ಒಂದೇ ಗಾಡಿ. ಅದರ ಒಂದು ತುದಿಯಲ್ಲಿ ದೊಡ್ಡಪ್ಪ ಮಿರ್ಚಿ ಕರಿಯುತ್ತಿದ್ದ, ಇನ್ನೊಂದು ತುದಿಯಲ್ಲಿ ಅಪ್ಪ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ. ಸಂಜೆ ಸ್ಕೂಲ್ ಬಿಟ್ಟ ಮೇಲೆ ಅಮೃತಾ ಪ್ಲೇಟಿನ ಅರ್ಧಕ್ಕೆ ಮಂಡಕ್ಕಿ ಹಾಕುತ್ತಿದ್ದಳು. ದೊಡ್ಡಪ್ಪನ ಮಗಳು ಜೆಸ್ಸಿ ಉಳಿದ ಅರ್ಧಕ್ಕೆ ಎರಡು ಮಿರ್ಚಿ ಇಡುತ್ತಿದ್ದಳು. ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು.

ಆಮೇಲೆ ವಾರ್ಡಿನ ಎಲೆಕ್ಷನ್ ಬಂತು. ನಿಂತವರಲ್ಲಿ ಒಬ್ಬರ ಗುರುತು ಛತ್ರಿ, ಇನ್ನೊಬ್ಬರದು ಕುಕ್ಕರ್. ಅಪ್ಪ ಛತ್ರಿ ಕಡೆ, ದೊಡ್ಡಪ್ಪ ಕುಕ್ಕರ್ ಕಡೆ. ಮೊದಲು ಮಾತಾಯಿತು, ಆಮೇಲೆ ಜೋರು ಮಾತಾಯಿತು, ಆಮೇಲೆ ಮಾತೇ ನಿಂತಿತು. ದೊಡ್ಡಪ್ಪ ತನ್ನ ಬಾಣಲೆ, ಸ್ಟೌ, ಜರಡಿ ಎಲ್ಲ ಎತ್ತಿಕೊಂಡು ಹೋಗಿ ರೋಡಿನ ಆಚೆ ಬೇರೆ ಗಾಡಿ ಹಾಕಿದ.

ಅಲ್ಲಿಂದ ಶುರುವಾಯಿತು ನೋಡಿ ಗಿರಾಕಿಗಳ ಗೋಳು. ಛತ್ರಿಯವರಿಗೆ ಬರೀ ಮಂಡಕ್ಕಿ. ಕುಕ್ಕರಿನವರಿಗೆ ಬರೀ ಮಿರ್ಚಿ. ಮಂಡಕ್ಕಿ ಇಲ್ಲದೆ ಮಿರ್ಚಿ ತಿಂದವರು ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ನೀರಿನ ಕೊಡ ಹುಡುಕುತ್ತಿದ್ದರು.

ದಿನಾ ತಪ್ಪದೆ ಬರುತ್ತಿದ್ದ ಗುರುಬಸಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಪ್ಪನಿಗೆ ಹೇಳುತ್ತಿದ್ದಳು: “ಜೋಜಪ್ಪ, ಭಾಳ ಸಪ್ಪಗೈತಿ. ನಾಕು ಹಸಿಮೆಣಸಿನಕಾಯಿ ಜಾಸ್ತಿ ಹಾಕಿದ್ರ ನಿನ್ನ ಗಂಟೇನು ಹೋಗ್ತೈತಿ?”

“ನಂದು ಇರೋದೇ ಹಿಂಗ,” ಎನ್ನುತ್ತಿದ್ದ ಅಪ್ಪ. ಗಿರಾಕಿ ಕಮ್ಮಿಯಾದರೂ ಅವನು ಒಂದು ಮೆಣಸಿನಕಾಯಿಯನ್ನೂ ಜಾಸ್ತಿ ಹಾಕಲಿಲ್ಲ.

ಮನೆಯ ಕತೆ ಇನ್ನೂ ಚೆಂದ. ಅಪ್ಪ ಮನೆಯ ಕುಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದ. ಅವ್ವ ಎರಡು ತಾಸು ಪಾತ್ರೆಯ ಮುಂದೆ ಕೂತು ಬೇಳೆ ಬೇಯಿಸಬೇಕಾಯಿತು. “ನಾಳಿಂದ ನಿಮ್ಮ ಛತ್ರಿ ಒಳಗ ಬ್ಯಾಳಿ ಬೇಯಿಸ್ಲೇನು?” ಎಂದು ಅವ್ವ ಕೇಳಿದಳು. ಅಪ್ಪ ಪೇಪರ್ ಓದುತ್ತಿರುವವನಂತೆ ಮಾಡಿದ. ಅದು ಹೋದ ತಿಂಗಳ ಪೇಪರು.

ದೊಡ್ಡಪ್ಪನ ಮನೆಯಲ್ಲಿ ಛತ್ರಿ ಬಂದ್. ಉರಿಬಿಸಿಲಿನಲ್ಲಿ ಜೆಸ್ಸಿ ಸ್ಕೂಲ್ ಬ್ಯಾಗನ್ನು ತಲೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಪಾಪ, ಫಾದರ್ ಕೂಡ ಒಂದು ಮಧ್ಯಾಹ್ನ ಛತ್ರಿ ಬಿಚ್ಚಿಕೊಂಡು ಬಂದದ್ದಕ್ಕೆ ಕುಕ್ಕರಿನವರು ಮುಖ ತಿರುಗಿಸಿದರು. ಮರುದಿನದಿಂದ ಅವರು ತಲೆಗೆ ಟವೆಲ್ ಸುತ್ತಿಕೊಂಡು ಓಡಾಡಿದರು.

ಎಲ್ಲರೂ ನಗುತ್ತಿದ್ದರು. ಅಮೃತಾಗೆ ಮಾತ್ರ ನಗು ಬರುತ್ತಿರಲಿಲ್ಲ. “ಎಲೆಕ್ಷನ್ ಮುಗಿಯೋತನ ಆ ಕಡಿ ಹೋಗಂಗಿಲ್ಲ, ಅಕಿ ಜೋಡಿ ಮಾತಾಡಂಗಿಲ್ಲ,” ಎಂದು ಅಪ್ಪ ಹೇಳಿದ್ದ. ದೊಡ್ಡಪ್ಪನೂ ಜೆಸ್ಸಿಗೆ ಅದನ್ನೇ ಹೇಳಿರಬೇಕು. ಅವಳು ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು. ಅಮೃತಾಳ ಪಕ್ಕದ ಜಾಗ ಖಾಲಿ ಇತ್ತು.

“ಅವ್ವ, ಎಲೆಕ್ಷನ್‌ದಾಗ ಒಬ್ರು ಸೋಲ್ತಾರಲ್ಲ. ಸೋತೋರು ಆಮ್ಯಾಲೆ ಮಾತಾಡ್ತಾರೇನು?” ಎಂದು ಅವಳು ಒಮ್ಮೆ ಕೇಳಿದಳು. ಅವ್ವ ಬೇಳೆ ತಿರುವುತ್ತಲೇ ಇದ್ದಳು. ಅಮೃತಾಗೆ ಹೆದರಿಕೆಯಾಯಿತು. ಜೆಸ್ಸಿ ಇನ್ನು ಎಂದೂ ಪಕ್ಕಕ್ಕೆ ಬರುವುದಿಲ್ಲವೇನೋ ಅನಿಸಿ ಅಳು ಬಂತು.

ಅಷ್ಟರಲ್ಲಿ ಚರ್ಚಿಗೆ ಬಿಷಪ್ ಸ್ವಾಮಿಗಳ ಪತ್ರ ಬಂತು. ಓಟಿಗೆ ಮುಂಚಿನ ಭಾನುವಾರ ಎಲ್ಲರೂ ಒಟ್ಟಿಗೆ ಪ್ರಾರ್ಥನೆ ಮಾಡಬೇಕು, ಊರಿನಲ್ಲಿ ಒಗ್ಗಟ್ಟು ಇರಬೇಕು, ಬೀದಿಯವರನ್ನೆಲ್ಲ ಕರೆಯಬೇಕು ಎಂದು ಅದರಲ್ಲಿತ್ತು. ಫಾದರ್ ಪತ್ರ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಸೀದಾ ಗಾಡಿಗೆ ಬಂದರು.

“ಜೋಜಪ್ಪ, ಭಾನುವಾರ ಪ್ರಾರ್ಥನೆ ಆದ ಮೇಲೆ ಐವತ್ತು ಪ್ಲೇಟ್ ಮಂಡಕ್ಕಿ ಬೇಕು. ಹಾಗೆಯೇ ಅಮೃತಾ ಮತ್ತು ಜೆಸ್ಸಿ ಒಟ್ಟಿಗೆ ಪ್ರಾರ್ಥನೆ ಓದಬೇಕು.”

“ಮಂಡಕ್ಕಿ ಕೊಡ್ತೀನ್ರಿ. ಆದ್ರ ಇಬ್ರೂ ಬ್ಯಾರೆ ಬ್ಯಾರೆ ನಿಂತು ಓದ್ಲಿ.”

“ಚರ್ಚಿನಲ್ಲಿ ಇರುವುದು ಒಂದೇ ಮೈಕ್ ಅಲ್ವಾ,” ಎಂದರು ಫಾದರ್. ಫಾದರ್ ಎರಡೂ ಕಡೆ ನೋಡಿ, ರೋಡು ದಾಟಿ ದೊಡ್ಡಪ್ಪನ ಹತ್ತಿರ ಹೋದರು. ಅಲ್ಲಿ ಐವತ್ತು ಪ್ಲೇಟಿಗಾಗುವಷ್ಟು ಮಿರ್ಚಿಗೆ ಹೇಳಿದರು. ಮಂಡಕ್ಕಿಯ ಮಾತನ್ನು ಅವರೂ ಎತ್ತಲಿಲ್ಲ, ದೊಡ್ಡಪ್ಪನೂ ಕೇಳಲಿಲ್ಲ.

ಭಾನುವಾರ ಚರ್ಚು ತುಂಬಿತು. ಛತ್ರಿಯವರು ಎಡಕ್ಕೆ, ಕುಕ್ಕರಿನವರು ಬಲಕ್ಕೆ. ನಡುವಿನ ದಾರಿಯಲ್ಲಿ ಒಂದು ಬೆಕ್ಕು ಮಲಗಿತ್ತು. ಅದು ಯಾವ ಕಡೆಯದೋ ಯಾರಿಗೂ ಗೊತ್ತಿರಲಿಲ್ಲ.

“ಓಟು ಯಾರಿಗೆ ಹಾಕುತ್ತೀರೋ ಅದು ನಿಮ್ಮ ಇಷ್ಟ,” ಎಂದು ಫಾದರ್ ಶುರುಮಾಡಿದರು. “ಆದರೆ ಓಟಿಗೋಸ್ಕರ ಮಾತು ಬಿಡಬೇಡಿ. ನಮಗೆ ಬೇಕಾದದ್ದು ಪ್ರಾರ್ಥನೆ. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು—”

ಹಿಂದುಗಡೆ ಫಾದರ್ ಅವರ ಅಡುಗೆಮನೆಯಲ್ಲಿ ಕುಕ್ಕರ್ ಜೋರಾಗಿ ಸೀಟಿ ಹೊಡೆಯಿತು.

ಬಲಗಡೆಯವರು ಚಪ್ಪಾಳೆ ತಟ್ಟಿದರು. ಎಡಗಡೆಯಲ್ಲಿ ನಾಲ್ಕು ಜನ ಎದ್ದು ನಿಂತರು. ಕುಕ್ಕರ್ ಇನ್ನೊಂದು ಸೀಟಿ ಹೊಡೆಯಿತು.

“ಅದು ಬೇಳೆ,” ಎಂದರು ಫಾದರ್. “ಮಧ್ಯಾಹ್ನ ನನಗೆ ಊಟ ಬೇಡವಾ? ಕೂತುಕೊಳ್ಳಿ.”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಎದ್ದವರು ಕೂತರು.

ಅಮೃತಾ ಮತ್ತು ಜೆಸ್ಸಿ ಮೈಕಿನ ಮುಂದೆ ಬಂದರು. ಮೂರು ವಾರದ ಮೇಲೆ ಭುಜಕ್ಕೆ ಭುಜ ತಾಗಿತು. ಜೆಸ್ಸಿಯ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಅಮೃತಾ ಹಾಳೆ ಹಿಡಿದು ಓದಿದಳು: “ಮಾತು ಬಿಟ್ಟವರು ಮತ್ತೆ ಮಾತಾಡುವಂತೆ ಪ್ರಾರ್ಥಿಸೋಣ.”

“ಪ್ರಭುವೇ, ನಮ್ಮ ಮೊರೆಯನ್ನು ಆಲಿಸು,” ಎಂದು ಎಡಗಡೆಯವರು ಜೋರಾಗಿ ಹೇಳಿದರು. ಬಲಗಡೆಯವರು ಬಿಡುತ್ತಾರೆಯೇ? ಅವರು ಇನ್ನೂ ಜೋರಾಗಿ ಹೇಳಿದರು. ಬೆಕ್ಕು ಎದ್ದು ಹೊರಗೆ ಹೋಯಿತು.

ಈಗ ಓದಬೇಕಾದವಳು ಜೆಸ್ಸಿ. ಅವಳು ಹಾಳೆಯತ್ತ ಬಗ್ಗಿ ಅಮೃತಾಳ ಕಿವಿಯಲ್ಲಿ ಪಿಸುಗುಟ್ಟಿದಳು: “ಲೇ, ನಿಮ್ಮನಿ ಕುಕ್ಕರ್ ಇನ್ನೂ ಅಟ್ಟದ ಮ್ಯಾಲೆ ಐತೇನು?”

ಮೈಕಿಗೂ ಕೇಳಿಸಿತು. ಇಡೀ ಚರ್ಚಿಗೆ ಕೇಳಿಸಿತು. ಗುರುಬಸಮ್ಮ ಮೊದಲು ನಕ್ಕಳು, ಅವಳ ಹಿಂದೆ ಎಡ ಬಲ ಎಲ್ಲರೂ ನಕ್ಕರು. ಅಪ್ಪ ತಲೆ ತಗ್ಗಿಸಿ ಕಾಲಿನ ಉಗುರು ನೋಡುತ್ತ ಕೂತ. ಫಾದರ್ ಮಾತ್ರ ಗಂಭೀರವಾಗಿದ್ದರು, ಆದರೆ ಅವರ ಹೊಟ್ಟೆ ಕುಲುಕುತ್ತಿತ್ತು.

ಪ್ರಾರ್ಥನೆ ಮುಗಿದ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಒಂದೇ ಟೇಬಲ್ ಇತ್ತು. ಅದರ ಈ ತುದಿಗೆ ಅಪ್ಪನ ಮಂಡಕ್ಕಿ, ಆ ತುದಿಗೆ ದೊಡ್ಡಪ್ಪನ ಮಿರ್ಚಿ. ಅಣ್ಣ ತಮ್ಮ ಬೇರೆ ಬೇರೆ ದಿಕ್ಕು ನೋಡುತ್ತ ನಿಂತಿದ್ದರು. ಜನ ಕೂಡ ಯಾವ ತುದಿಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದರು.

ಅಮೃತಾ ಯಾರನ್ನೂ ಕೇಳಲಿಲ್ಲ. ಒಂದು ಪ್ಲೇಟಿನ ಅರ್ಧಕ್ಕೆ ಮಂಡಕ್ಕಿ ಹಾಕಿ ಪಕ್ಕಕ್ಕೆ ಸರಿಸಿದಳು. ಜೆಸ್ಸಿ ಎರಡು ಮಿರ್ಚಿ ಇಟ್ಟಳು. ಕೈಗಳು ಕೆಲಸ ಮರೆತಿರಲಿಲ್ಲ. ಮೊದಲ ಪ್ಲೇಟು ಫಾದರ್ ತೆಗೆದುಕೊಂಡರು. ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ಜನರಿಗೆ ಹೇಳಬೇಕಾಗಲಿಲ್ಲ. ಮೂರು ವಾರದ ಹಸಿವು ಒಮ್ಮೆಲೇ ಟೇಬಲ್ ಮೇಲೆ ಬಿತ್ತು.

ಕೊನೆಗೆ ಉಳಿದವರು ಅಪ್ಪ ಮತ್ತು ದೊಡ್ಡಪ್ಪ. ಅಪ್ಪ ತನ್ನ ಪ್ಲೇಟಿನ ಅರ್ಧಕ್ಕೆ ಮಂಡಕ್ಕಿ ಹಾಕಿಕೊಂಡು ನಿಂತಿದ್ದ. ದೊಡ್ಡಪ್ಪ ಬುಟ್ಟಿಯಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡ. ಅಗಿದ. ಆಮೇಲೆ ಬೇವಿನ ಮರಕ್ಕೆ ಹೇಳಿದ: “ಇದಕ್ಕ ಖಾರಾನ ಇಲ್ಲ. ಬ್ಯಾರೆ ಗಾಡಿ ಆದಮ್ಯಾಲೆ ಖಾರ ಜಾಸ್ತಿ ಮಾಡ್ಕೋಬೇಕಂತ ತಿಳಿಯಂಗಿಲ್ಲೇನು?”

ಅಪ್ಪ ಚರ್ಚಿನ ಗೋಡೆಗೆ ಹೇಳಿದ: “ಖಾರ ನನ್ನ ಕೆಲಸ ಅಲ್ಲ. ಖಾರ ಮಾಡೋನು ರೋಡಿನ ಆ ಕಡಿ ಅದಾನ.”

ಮರವೂ ಗೋಡೆಯೂ ಸುಮ್ಮನಿದ್ದವು. ದೊಡ್ಡಪ್ಪ ಎರಡು ಮಿರ್ಚಿ ಎತ್ತಿ ಅಪ್ಪನ ಪ್ಲೇಟಿನ ಖಾಲಿ ಅರ್ಧದಲ್ಲಿ ಇಟ್ಟ.

ಅಮೃತಾ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು. ಗುರುಬಸಮ್ಮ ದಿನಾ ಬೈದದ್ದು ನೆನಪಾಯಿತು. ಗಿರಾಕಿ ಹೋದರೂ ಅಪ್ಪ ಮೆಣಸಿನಕಾಯಿ ಹೆಚ್ಚು ಮಾಡದೇ ಇದ್ದದ್ದು ನೆನಪಾಯಿತು. ಅಪ್ಪನದು ಬರೀ ಹಟ ಅಂದುಕೊಂಡಿದ್ದಳು ಅವಳು.

ಸೋಮವಾರ ಸಂಜೆಯೂ ಗಾಡಿಗಳು ಎರಡಾಗಿಯೇ ಇದ್ದವು. ಛತ್ರಿ ಬ್ಯಾನರ್ ಈ ಕಡೆ, ಕುಕ್ಕರ್ ಬ್ಯಾನರ್ ಆ ಕಡೆ, ಹಾಗೇ ಇದ್ದವು. ಗುರುಬಸಮ್ಮ ಬಂದು ನಿಂತಳು. ಅಮೃತಾ ಪ್ಲೇಟಿನ ಅರ್ಧಕ್ಕೆ ಮಂಡಕ್ಕಿ ಹಾಕಿದಳು. ಉಳಿದ ಅರ್ಧ ಖಾಲಿ ಬಿಟ್ಟು, ಪ್ಲೇಟು ಹಿಡಿದುಕೊಂಡು ರೋಡಿನ ಅಂಚಿಗೆ ಹೋದಳು. ಆಚೆ ಜೆಸ್ಸಿ ಆಗಲೇ ಮಿರ್ಚಿ ಹಿಡಿದು ನಿಂತಿದ್ದಳು.

ಅಮೃತಾ ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ.

“ಟ್ರ್ಯಾಕ್ಟರ್ ಬರ್ತೈತಿ,” ಎಂದ ಅವನು ತಲೆ ಎತ್ತದೆ. “ನೋಡಿಕೊಂಡು ದಾಟು.”