ಮುನೀಂದ್ರನ ಅಟ್ಲಾಸ್

ಮೈಕ್‌ನವನಿಗೆ ಧನ್ಯವಾದ ಹೇಳಿದರು. ಊಟದವನಿಗೆ, ಹೂವಿನವನಿಗೆ, ಶಾಮಿಯಾನ ಹಾಕಿದವನಿಗೂ ಹೇಳಿದರು. ಮುನೀಂದ್ರನ ಹೆಸರು ಮಾತ್ರ ಬರಲಿಲ್ಲ.

ದೊಡ್ಡಬಳ್ಳಾಪುರದ ಹೊರಗಿದ್ದ ಆ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೋದ ವರ್ಷ ಹಳೆಯ ವೈದ್ಯಕೀಯ ಪುಸ್ತಕಗಳ ಪ್ರದರ್ಶನ ನಡೆದಿತ್ತು. ನಡುವಿನ ಗಾಜಿನ ಕಪಾಟಿನಲ್ಲಿ ಇದ್ದದ್ದು ಅಂಗರಚನೆಯ ಒಂದು ಅಟ್ಲಾಸ್. ಮೈಯೊಳಗಿನ ನರನಾಡಿಗಳಿಗೆಲ್ಲ ಕೈಯಿಂದಲೇ ಬಣ್ಣ ತುಂಬಿದ್ದ, ಚರ್ಮದ ಹೊದಿಕೆಯ ದಪ್ಪ ಪುಸ್ತಕ. ಗೆದ್ದಲು ಹಿಡಿದು ಗುಜರಿಗೆ ಹೋಗುವುದರಲ್ಲಿದ್ದ ಅದನ್ನು ಸಹಾಯಕ ಗ್ರಂಥಪಾಲಕ ಮುನೀಂದ್ರ ಎತ್ತಿಟ್ಟುಕೊಂಡು, ಹರಿದ ಹಾಳೆಗಳಿಗೆ ತೆಳುಕಾಗದ ಅಂಟಿಸಿ, ಹೊಸದಾಗಿ ಹೊಲಿದು ಬದುಕಿಸಿದ್ದ. ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಟ್ಟಿದ್ದ. ವೇದಿಕೆಯಲ್ಲಿ ಧನ್ಯವಾದ ಹೇಳಿ ಹಾರ ಹಾಕಿಸಿಕೊಂಡವರು ಮುಖ್ಯ ಗ್ರಂಥಪಾಲಕಿ ಭಾನುಪ್ರಿಯಾ ಮೇಡಂ. ಕಪಾಟಿನ ಬೀಗದ ಕೈಯೂ ಅವರ ಸೊಂಟ ಸೇರಿತು. ಅಂದಿನಿಂದ ಅಟ್ಲಾಸ್ ಅವನಿಗೂ ಗಾಜಿನಾಚೆಯ ವಸ್ತುವಾಯಿತು.

ಹೆಂಡತಿ ತೀರಿಹೋದ ಮೇಲೆ ಅವನ ಎದುರು ಕೂತು ಮಾತಾಡುವವರು ಯಾರೂ ಉಳಿದಿರಲಿಲ್ಲ. ಊರೊಳಗಿನ ಬಾಡಿಗೆ ಕೋಣೆಯಲ್ಲಿ ಪಕ್ಕದ ಮನೆಯ ಮಗ್ಗಗಳ ಸದ್ದೇ ಅವನಿಗೆ ಜೊತೆ. ಕರೆಂಟು ಹೋಗಿ ಮಗ್ಗ ನಿಂತರೆ ಎದೆ ಬರಿದಾಗುತ್ತಿತ್ತು. ಗ್ರಂಥಾಲಯಕ್ಕೆ ಬರುವ ಹುಡುಗರು ಅವನ ಕೈಯಿಂದ ಬೋನ್ ಸೆಟ್, ಅಂದರೆ ಮೊದಲ ವರ್ಷದವರು ಕಲಿಯಲು ಒಯ್ಯುವ ಎಲುಬಿನ ಪೆಟ್ಟಿಗೆ, ಇಸಿದುಕೊಂಡು ಮುಖ ನೋಡದೆ ಹೋಗುತ್ತಿದ್ದರು. ಸಂಕ್ರಾಂತಿಗೆ ನಿವೃತ್ತಿ. ಆಮೇಲೆ ಅಟ್ಲಾಸನ್ನು ದೂರದಿಂದ ನೋಡುವುದಕ್ಕೂ ಗೇಟಿನವನ ಅಪ್ಪಣೆ ಬೇಕು. ಮಾರಿ ಕಾಸು ಮಾಡುವ ಆಸೆ ಅವನಿಗೆ ಇರಲಿಲ್ಲ. ಸಂಜೆ ದೀಪ ಹಾಕಿ, ಅದನ್ನು ಮುಂದಿಟ್ಟುಕೊಂಡು ಪುಟ ತಿರುವಬೇಕು, ಅಷ್ಟೇ. ಸಿಕ್ಕಿಬಿದ್ದರೆ ಪಿಂಚಣಿಯ ಜೊತೆ ಮಾನವೂ ಹೋಗುತ್ತದೆ. ಆದರೆ ಅವನು ಸಿಕ್ಕಿಬೀಳುವವನಲ್ಲ.

ಸ್ಕ್ಯಾನುಗಳನ್ನು ಬೆಂಗಳೂರಿನ ಬೇರೆ ಬೇರೆ ಪ್ರೆಸ್ಸುಗಳಲ್ಲಿ ತುಂಡುತುಂಡಾಗಿ ಮುದ್ರಿಸಿದ. ಹಾಳೆಗಳನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ. ತಿರಸ್ಕರಿಸಿದ ಹಳೇ ಪುಸ್ತಕಗಳಿಂದ ಚರ್ಮ ಬಿಡಿಸಿ ಹೊದಿಸಿದ. ಗೆದ್ದಲಿನ ತೂತುಗಳನ್ನು ಕಾಯಿಸಿದ ಸೂಜಿಯಿಂದ ಕೊರೆದ. ಕೆಲಸ ಮುಗಿದ ದಿನ ಎರಡರಲ್ಲಿ ಅಸಲು ಯಾವುದೆಂದು ಬ್ರಹ್ಮ ಬಂದರೂ ಹೇಳಲಾರ ಎನ್ನಿಸಿ ಒಬ್ಬನೇ ನಕ್ಕ. ನಗುವನ್ನು ಹಂಚಿಕೊಳ್ಳಲು ಯಾರಾದರೂ ಇದ್ದಿದ್ದರೆ ಎಂದು ಸಂಕಟವೂ ಆಯಿತು.

ದಿನವನ್ನು ಆರಿಸಿದ್ದರಲ್ಲೇ ಅವನ ಜಾಣತನವಿತ್ತು. ಆಯುಧಪೂಜೆಯ ರಜೆಗೆ ಮುನ್ನಾದಿನ ಮಧ್ಯಾಹ್ನ ಗ್ರಂಥಾಲಯದಲ್ಲೂ ಪೂಜೆ. ಕಂಪ್ಯೂಟರು, ಜೆರಾಕ್ಸ್ ಯಂತ್ರಗಳ ಜೊತೆ ಅಟ್ಲಾಸನ್ನೂ ಮೇಜಿನ ಮೇಲಿಡುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವುದಿಲ್ಲ. ಇದು ಅವನ ಅಜ್ಜಿ ಕಲಿಸಿದ ನೇಮ. ಆಮೇಲೆ ಅದು ಮತ್ತೆ ಗಾಜಿನೊಳಕ್ಕೆ. ಹೊದಿಕೆಗೆ ಬೊಟ್ಟಿಟ್ಟು ಅಸಲಿಗೆ ಗುರುತು ಬಿದ್ದಿರುವ ಭಯವೂ ಇರಲಿಲ್ಲ. ಅಟೆಂಡರ್ ಕೆಂಪರಾಜ್ ಪ್ರದರ್ಶನದ ದಿನ ಕುಂಕುಮದ ಬಟ್ಟಲು ಹಿಡಿದು ಹತ್ತಿರ ಬಂದಾಗ, "ಚರ್ಮದ ಮೇಲೆ ಬೊಟ್ಟಿಟ್ರೆ ಕೈ ಮುರೀತೀನಿ ಕಣೋ" ಎಂದು ಅವನೇ ಗದರಿದ್ದ.

ಪ್ರತಿ ವರ್ಷ ಆ ದಿನ ಅವನು ರಜೆ ಹಾಕುತ್ತಿದ್ದ. ಎಲ್ಲರೂ ಹೆಂಡತಿ ಮಕ್ಕಳನ್ನು ಕರೆತರುತ್ತಾರೆ, ಅವನು ಯಾರನ್ನು ಕರೆತರಬೇಕು? ಈ ಸಲ ಬಂದ. ಚಿಲಕ ರಿಪೇರಿಗೆ ಒಯ್ದಿದ್ದ ಬೋನ್ ಸೆಟ್ ಪೆಟ್ಟಿಗೆಯಲ್ಲಿ ನಕಲು ಇತ್ತು. ಗೇಟಿನಲ್ಲಿ ಸೊಣ್ಣಪ್ಪ ಯಾರ ಬ್ಯಾಗನ್ನೂ ಬಿಡುವವನಲ್ಲ, ಆದರೆ ಎಲುಬಿನ ಪೆಟ್ಟಿಗೆ ಕಂಡರೆ ಮುಖ ತಿರುಗಿಸುತ್ತಾನೆ. "ಹಬ್ಬದ ದಿನ ಅದನ್ಯಾಕ್ ತೋರುಸ್ತೀರಾ ಸಾರ್, ಹೋಗಿ ಹೋಗಿ" ಎಂದ.

ಬೀಗದ ಕೈಯನ್ನು ಮೇಡಂ ತಾವಾಗಿಯೇ ಅವನಿಗೆ ಕೊಟ್ಟು, ಅಟ್ಲಾಸ್ ತಂದಿಡಲು ಹೇಳಿದರು. ಕಪಾಟಿನಿಂದ ಮೇಜಿಗೆ ಬರುವ ದಾರಿಯ ದಾಸ್ತಾನು ಕೋಣೆಯಲ್ಲಿ ಅಸಲು ಪೆಟ್ಟಿಗೆಯೊಳಗೆ ಹೋಯಿತು, ನಕಲು ಹೊರಗೆ ಬಂತು. ಅಸಲನ್ನು ತೆರೆದು ನೋಡಬೇಕೆಂದು ಕೈ ತುಡಿಯಿತು. ಇನ್ನು ಆಯಸ್ಸು ಪೂರ್ತಿ ನೋಡುವುದಿದೆಯಲ್ಲ ಎಂದು ಚಿಲಕ ಹಾಕಿದ. ನಕಲನ್ನು ಪೂಜೆಯ ಮೇಜಿನ ಮೇಲಿಟ್ಟು, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ನಿಂತ.

ಮಂಗಳಾರತಿ ಆಯಿತು. ಇನ್ನೇನು ಹೊರಡಬೇಕು, ಮೇಡಂ ಅವನನ್ನು ಹೆಸರು ಹಿಡಿದು ಮುಂದಕ್ಕೆ ಕರೆದರು. ಪೆಟ್ಟಿಗೆ ಎತ್ತಿಕೊಂಡೇ ಹೋದ.

"ಆವತ್ತು ಸ್ಟೇಜಲ್ಲಿ ನಿಮ್ಮ ಹೆಸರು ಹೇಳೋದು ಮರೆತೇಬಿಟ್ಟೆ ಸರ್. ಮನಸ್ಸಿಗೆ ತುಂಬಾ ಬೇಜಾರಾಯ್ತು. ಹೋದ ವರ್ಷದ ಪೂಜೇಲಿ ಎಲ್ಲರ ಮುಂದೆ ಹೇಳಿದೆ, ಈ ಪುಸ್ತಕ ಉಳಿದಿದ್ದು ಮುನೀಂದ್ರ ಸರ್ ಕೈಯಿಂದ ಅಂತ. ಕೇಳೋಕೆ ನೀವೇ ಇರ್ಲಿಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಮಕ್ಕಳೂ ತಟ್ಟಿದವು. ಮುನೀಂದ್ರ ಪೆಟ್ಟಿಗೆಯನ್ನು ಕೆಳಗಿಟ್ಟು ಕೈ ಮುಗಿದ. ಇಷ್ಟು ಜನ ತನ್ನ ಮುಖ ನೋಡಿ ನಕ್ಕು ಎಷ್ಟು ಕಾಲವಾಗಿತ್ತೋ. ಎಲ್ಲರೂ ಊಟಕ್ಕೆ ಹೋದ ಮೇಲೆ ಅಸಲನ್ನು ತಿರುಗಿ ಇಟ್ಟುಬಿಡಬೇಕು, ಏನಾದರಾಗಲಿ ಇಟ್ಟುಬಿಡಬೇಕು ಎಂದುಕೊಂಡ.

"ಚರ್ಮದ ಮೇಲಿಟ್ರೆ ನೀವು ಬೈತೀರ ಅಂತ ಕೆಂಪರಾಜ್ ಹೇಳ್ದ" ಎನ್ನುತ್ತಾ ಮೇಡಂ ನಗುತ್ತಲೇ ಅಟ್ಲಾಸನ್ನು ಕೈಗೆತ್ತಿಕೊಂಡರು. "ಅದಕ್ಕೇ ಹೋದ ವರ್ಷ ನಿಮ್ಮ ಹೆಸರಲ್ಲಿ ಹಿಂದಿನ ರಟ್ಟಿನ ಒಳಗಡೆ ಬೊಟ್ಟಿಟ್ವಿ. ಇವತ್ತು ಅದರ ಪಕ್ಕದಲ್ಲೇ ನಿಮ್ಮ ಕೈಯಿಂದ ಇನ್ನೊಂದು ಇಡಿ." ಕೆಂಪರಾಜ್ ಕುಂಕುಮದ ಬಟ್ಟಲು ಮುಂದೆ ಹಿಡಿದ. ಮೇಡಂ ರಟ್ಟು ತೆರೆದರು. ಟೀ ಬಣ್ಣದ ಕಾಗದ ಮೂಲೆಯಿಂದ ಮೂಲೆಗೆ ಬರಿದಾಗಿತ್ತು. ಅವರು ಅದರ ಮೇಲೆ ಒಮ್ಮೆ ಹೆಬ್ಬೆರಳಾಡಿಸಿದರು, ಬೆಳಕಿಗೆ ಹಿಡಿದರು, ಆಮೇಲೆ ನಿಧಾನವಾಗಿ ತಲೆ ಎತ್ತಿದರು. "ಕೆಂಪರಾಜ್, ನಾವು ಇಟ್ಟಿದ್ದು ಇಲ್ಲೇ ಅಲ್ವಾ?"